ಬೆಂಗಳೂರಿನಲ್ಲಿ ಮನೆಕಸ ವಿಂಗಡಣೆ

ಮನೆಯ ಕಸವನ್ನು ಹಸಿ, ಒಣ ಮತ್ತು ತಿರಸ್ಕೃತ ಕಸವೆಂದು ಮನೆಯಲ್ಲೇ ಬೇರ್ಪಡಿಸಿ ಕೊಡುವ ಪದ್ಧತಿ. ಬೆಂಗಳೂರಿನಲ್ಲಿ ಇದು 2012ರ ಅಕ್ಟೋಬರ್ 1ರಿಂದ ಕಡ್ಡಾಯವಾಯಿತು.

ಹಿನ್ನೆಲೆ: ಹಳ್ಳಿಗಳಲ್ಲಿ ಸಗಣಿ, ಬೂದಿ, ತರಕಾರಿ ಸಿಪ್ಪೆ ತಿಪ್ಪೆ ಸೇರಿ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತಿದ್ದವು. ನಗರದಲ್ಲಿ ಹಳೆ ಪೇಪರ್, ಬಾಟಲಿ, ಕಬ್ಬಿಣ ಗುಜರಿ ಅಂಗಡಿ ಸೇರುತ್ತಿದ್ದವು. ಮಾರಾಟವಾಗದ್ದೆಲ್ಲ ಬೀದಿಯ ತೊಟ್ಟಿಗೆ ಬೀಳುತ್ತಿತ್ತು. ಅದರಲ್ಲಿ ಕಾಸು ಹುಟ್ಟುವುದನ್ನು ಚಿಂದಿ ಆಯುವವರು ಹೆಕ್ಕುತ್ತಿದ್ದರು. ನಗರದ ಕಸದಿಂದ ಗೊಬ್ಬರ ತಯಾರಿಸಲು 1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಸ್ಥಾಪನೆಯಾಯಿತು. ಆದರೆ ಪ್ಲಾಸ್ಟಿಕ್ ಹೆಚ್ಚಿದಂತೆ ಬೆರೆತ ಕಸದಿಂದ ಒಳ್ಳೆಯ ಗೊಬ್ಬರ ತೆಗೆಯುವುದು ಕಷ್ಟವಾಯಿತು.

ಬೆಂಗಳೂರಿನ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಹೂಡಿದ ಸಾರ್ವಜನಿಕ ಹಿತಾಸಕ್ತಿ ಮೊಕದ್ದಮೆಯ ಫಲವಾಗಿ 2000ದಲ್ಲಿ ನಗರ ಘನತ್ಯಾಜ್ಯ ನಿಯಮಗಳು ಬಂದವು. ಮನೆಬಾಗಿಲಲ್ಲಿ ಕಸ ಪಡೆಯುವ ಕ್ರಮ ನಗರದಲ್ಲಿ ಹರಡಿದರೂ ಕಸ ಬಹುಪಾಲು ಬೆರೆತೇ ಹೋಗುತ್ತಿತ್ತು.

ಕಡ್ಡಾಯ ವಿಂಗಡಣೆ: ನಗರದ ಕಸ ಸುರಿಯುತ್ತಿದ್ದ ಮಾವಳ್ಳಿಪುರದಲ್ಲಿ ನೀರು ಕೆಟ್ಟು, ದುರ್ವಾಸನೆ ತಾಳಲಾರದೆ ಗ್ರಾಮಸ್ಥರು ಪ್ರತಿಭಟಿಸಿದರು. 2012ರ ಜುಲೈನಲ್ಲಿ ಆ ತಾಣ ಮುಚ್ಚಿದಾಗ ಬೆಂಗಳೂರಿನ ಬೀದಿಗಳಲ್ಲಿ ಕಸ ರಾಶಿಬಿತ್ತು. ವಿಂಗಡಣೆ ಕಡ್ಡಾಯವಾದದ್ದು ಈ ಬಿಕ್ಕಟ್ಟಿನಿಂದ. ಬಳಿಕ ನಗರದ ಕಸ ಬೀಳುತ್ತಿದ್ದ ಇನ್ನೊಂದು ಊರಾದ ಮಂಡೂರಿನ ಜನರೂ ಹೋರಾಟಕ್ಕಿಳಿದು, 2014ರ ಕೊನೆಗೆ ಅಲ್ಲಿಯೂ ಕಸ ಸುರಿಯುವುದು ನಿಂತಿತು. ನಾಗರಿಕ ಗುಂಪುಗಳು ರೂಪಿಸಿದ ‘ಎರಡು ಡಬ್ಬಿ, ಒಂದು ಚೀಲ’ ಪದ್ಧತಿಯನ್ನು ನಗರದಾದ್ಯಂತ ಜಾರಿಗೊಳಿಸಲು ಹೈಕೋರ್ಟ್ 2015ರ ಡಿಸೆಂಬರ್‌ನಲ್ಲಿ ಆದೇಶಿಸಿತು.

ಕ್ರಮ: ಹಸಿ ಕಸದ ಹಸಿರು ಡಬ್ಬಿಗೆ ಅನ್ನ, ಸಿಪ್ಪೆ, ಮೊಟ್ಟೆ ಚಿಪ್ಪು, ಟೀ ಚರಟ, ಬಾಡಿದ ಹೂವು. ಪ್ಲಾಸ್ಟಿಕ್ ಕವರಿಗೆ ಕಟ್ಟದೆ ಹಾಗೆಯೇ ಹಾಕಬೇಕು. ಇದು ಗೊಬ್ಬರ ಅಥವಾ ಜೈವಿಕ ಅನಿಲವಾಗುತ್ತದೆ. ತಿರಸ್ಕೃತ ಕಸದ ಕೆಂಪು ಡಬ್ಬಿಗೆ ಡಯಾಪರ್, ಸ್ಯಾನಿಟರಿ ಪ್ಯಾಡ್, ಬ್ಯಾಂಡೇಜು; ಇವನ್ನು ಕಾಗದದಲ್ಲಿ ಸುತ್ತಿ ಗುರುತು ಹಾಕಬೇಕು. ಒಣ ಕಸದ ಚೀಲಕ್ಕೆ ಕಾಗದ, ರಟ್ಟು, ಪ್ಲಾಸ್ಟಿಕ್, ಲೋಹ, ಗಾಜು. ಹಾಲಿನ ಪ್ಯಾಕೆಟ್ಟನ್ನು ತೊಳೆದು ಒಣಗಿಸಿ ಹಾಕಬೇಕು. ಎಣ್ಣೆ, ಸಾಂಬಾರು ಹತ್ತಿದ ಕಾಗದ ಮರುಬಳಕೆಗೆ ಒದಗದು. ಬ್ಯಾಟರಿ, ಬಲ್ಬು, ಕೆಟ್ಟ ಮೊಬೈಲುಗಳನ್ನು ಪ್ರತ್ಯೇಕವಾಗಿ ಕೊಡಬೇಕು.

ಒಣ ಕಸವನ್ನು ವಾರ್ಡುಗಳ ಒಣ ತ್ಯಾಜ್ಯ ಸಂಗ್ರಹ ಕೇಂದ್ರಗಳಲ್ಲಿ ಮತ್ತೆ ಬಗೆಬಗೆಯಾಗಿ ಬಿಡಿಸಲಾಗುತ್ತದೆ. 2011ರಿಂದ ಪಾಲಿಕೆಯ ಗುರುತಿನ ಚೀಟಿ ಪಡೆಯತೊಡಗಿದ ಚಿಂದಿ ಆಯುವವರಲ್ಲಿ ಹಲವರು ಇಂಥ ಕೇಂದ್ರಗಳನ್ನು ನಡೆಸುವಷ್ಟು ಬೆಳೆದರು. ಕೇಂದ್ರ ಸರ್ಕಾರದ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ವಿಂಗಡಣೆಯನ್ನು ದೇಶದ ಪ್ರತಿಯೊಬ್ಬ ಕಸ ಉತ್ಪಾದಕನ ಕರ್ತವ್ಯವಾಗಿಸಿದವು.