ಸೊಗಡಿನ ಅವರೆಯೂ ಚಳಿಗಾಲದ ಅಡುಗೆಯೂ

ಮಾರ್ಗಶಿರದ ಚಳಿ ಬಲಿಯುತ್ತಿದ್ದಂತೆ ಹಳೆಯ ಮೈಸೂರು ಸೀಮೆಯ ಅಡುಗೆಮನೆಗಳು ಒಂದೇ ಕಾಳಿಗೆ ಶರಣಾಗುತ್ತವೆ. ಸಾರು, ಹುಳಿ, ಉಪ್ಪಿಟ್ಟು, ಅಕ್ಕಿರೊಟ್ಟಿ, ಉಸಲಿ ಎಲ್ಲದರಲ್ಲಿಯೂ ಅವರೆಯೇ. ಮಾಗಡಿ, ಚಿಂತಾಮಣಿ, ಶ್ರೀನಿವಾಸಪುರದ ಕಡೆಯಿಂದ ಬಂದ ಕಾಯಿಯ ರಾಶಿಯ ಮುಂದೆ ನಿಂತ ಗಿರಾಕಿ ಮೊದಲು ಬೆಲೆ ಕೇಳುವುದಿಲ್ಲ. ಒಂದು ಹಿಡಿ ತೆಗೆದು ಮೂಸುತ್ತಾನೆ. ಅಂಗೈಗೆ ಎಣ್ಣೆಯಂತೆ ಜಿಡ್ಡು ಅಂಟಿದರೆ ಅದು ಸೊನೆ ಅವರೆ. ಆ ವಾಸನೆಯೇ ಸೊಗಡು.

ಇಷ್ಟು ನಮ್ಮದೆನಿಸುವ ಈ ಕಾಳಿನ ತವರು ಆಫ್ರಿಕಾ. ಹುರುಳಿ, ಹೆಸರು ಈ ನೆಲದಲ್ಲಿಯೇ ಪಳಗಿದವು. ಅವರೆ ಮಾತ್ರ ಹೊರಗಿನಿಂದ ಬಂದದ್ದು. ಬಳ್ಳಾರಿ ಬಳಿಯ ಸಂಗನಕಲ್ಲು, ತುಂಗಭದ್ರೆಯ ದಂಡೆಯ ಹಳ್ಳೂರು ಮೊದಲಾದ ಪ್ರಾಚೀನ ನೆಲೆಗಳ ಉತ್ಖನನದಲ್ಲಿ ಕರಿಕಾಗಿ ಉಳಿದ ಅವರೆ ಕಾಳುಗಳು ದೊರೆತಿವೆ. ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದಲ್ಲಿಯೇ ಅದು ಇಲ್ಲಿಗೆ ತಲುಪಿತ್ತೆಂದು ತಜ್ಞರ ಅಭಿಪ್ರಾಯ. ರಾಗಿಯ ಮೂಲವೂ ಆಫ್ರಿಕಾವೇ. ಮುದ್ದೆ ಮತ್ತು ಅವರೆಕಾಳಿನ ಸಾರು, ನಾಡಿನ ಮಣ್ಣಿನ ಊಟವೆಂದು ಯಾವುದನ್ನು ಹೊಗಳುತ್ತೇವೆಯೋ ಅದರ ಎರಡೂ ಭಾಗ ಕಡಲಾಚೆಯವು! ಬೆಂಗಳೂರಿನ ಹೆಸರಿಗೆ ಕಾರಣವೆಂದು ಹೇಳುವ 'ಬೆಂದ ಕಾಳೂರು' ಕಥೆ ಮಾತ್ರ ಇತಿಹಾಸಕ್ಕೆ ಹೊಂದದು. ಹಸಿದ ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೇಯಿಸಿದ ಕಾಳು ಕೊಟ್ಟಳಂತೆ. ಆದರೆ ಸುಮಾರು ಕ್ರಿ.ಶ. 890ರ ಬೇಗೂರಿನ ಶಾಸನದಲ್ಲಿಯೇ 'ಬೆಂಗಳೂರು' ಎಂಬ ಹೆಸರಿದೆ. ಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ.

ಅವರೆ ಚಳಿಗಾಲಕ್ಕೇ ಬರಲು ಕಾರಣ ಸ್ವಾರಸ್ಯಕರ. ನಾಟಿ ಅವರೆ ಹಗಲಿನ ಉದ್ದವನ್ನು ಅಳೆಯುವ ಗಿಡ. ಬಿತ್ತನೆ ಬೇಗ ಆಗಲಿ, ತಡವಾಗಲಿ, ಹಗಲು ಕುಗ್ಗುವವರೆಗೆ ಅದು ಹೂ ಬಿಡುವುದಿಲ್ಲ. ರೈತರು ಇದನ್ನು ಬಲ್ಲವರಾಗಿ ರಾಗಿಯ ಹೊಲದಲ್ಲಿ ಕೆಲವು ಸಾಲುಗಳಿಗೊಂದರಂತೆ ಅಕ್ಕಡಿ ಸಾಲು ಹಾಕಿ ಅವರೆ ಬಿತ್ತುತ್ತಿದ್ದರು. ರಾಗಿ ಬೆಳೆಯುವಾಗ ಅವರೆ ಸುಮ್ಮನೆ ಕಾಯುತ್ತದೆ. ರಾಗಿ ಕೊಯ್ಲಾದ ಮೇಲೆ ತೆರವಾದ ಹೊಲದ ತುಂಬ ಬಳ್ಳಿ ಹಬ್ಬಿ, ನೆಲದಲ್ಲಿ ಉಳಿದ ತೇವ ಮತ್ತು ಇಬ್ಬನಿಯ ಆಸರೆಯಲ್ಲಿ ಕಾಯಿ ಕಟ್ಟುತ್ತದೆ. ಒಂದೇ ಮಳೆಗೆ ಎರಡು ಬೆಳೆ. ಮೇಲಾಗಿ ಬೇರಿನ ಗಂಟುಗಳಿಂದ ಮಣ್ಣಿಗೆ ಸಾರಜನಕ. ಸಂಕ್ರಾಂತಿಯ ದಿನ ಗೆಣಸು, ಕಡಲೆಕಾಯಿಯೊಡನೆ ಬೆಂದ ಅವರೆಕಾಯಿ ಎಡೆಗೆ ಬರುವುದು ಈ ಲೆಕ್ಕಾಚಾರದ ಫಲ.

ಇನ್ನು ಹಿತಕಿದ ಬೇಳೆ. ಬಲಿತ ಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಒಂದೊಂದನ್ನೇ ಎರಡು ಬೆರಳ ನಡುವೆ ಹಿತಕಿದರೆ ಬೇಳೆ ಚಿಮ್ಮಿ ಹೊರಬರುತ್ತದೆ. ಹತ್ತು ಮಂದಿಯ ಸಾರಿಗೆ ಎಷ್ಟು ಹಿತಕಬೇಕು ಎಂಬುದು ಹಿತಕಿದವರಿಗೇ ಗೊತ್ತು. ಕೂಡುಕುಟುಂಬದಲ್ಲಿ ಅದು ಹೆಂಗಸರು, ಮಕ್ಕಳು ಸುತ್ತ ಕುಳಿತು ಹರಟುತ್ತಾ ಮುಗಿಸುವ ಕೆಲಸವಾಗಿತ್ತು. ಮನೆಗಳು ಚಿಕ್ಕವಾದಂತೆ, ಹೆಂಗಸರು ಕಚೇರಿಗೆ ಹೊರಟಂತೆ ಆ ಕೆಲಸ ಮಾರುಕಟ್ಟೆಗೆ ಸಾಗಿತು. ಈಗ ಬಿಡಿಸಿದ ಕಾಳು, ಹಿತಕಿದ ಬೇಳೆ ಎರಡೂ ಚೀಲದಲ್ಲಿ ಸಿಗುತ್ತವೆ. ಬೆರಳು ನೋಯಿಸಿಕೊಳ್ಳುವವರು ಬೇರೆ ಹೆಂಗಸರು, ಕೂಲಿಗಾಗಿ.

ಇದರಿಂದ ಯಾರೂ ಎಣಿಸದ ಒಂದು ಪರಿಣಾಮವಾಯಿತು. ಸೊಗಡು ಮುಖ್ಯವಾಗಿ ಇರುವುದು ಕಾಯಿಯ ಸಿಪ್ಪೆಯ ಮೇಲಿನ ಜಿಡ್ಡಿನಲ್ಲಿ. ಸಿಪ್ಪೆಯೇ ಇಲ್ಲದ ಕಾಳನ್ನು ಕೊಳ್ಳುವವನು ಮೂಸಿ ಏನು ಕಂಡಾನು? ಪರೀಕ್ಷೆ ತಪ್ಪಿದ ಮೇಲೆ ಸೊಗಡಿಗೆ ಸಿಗುತ್ತಿದ್ದ ಹೆಚ್ಚಿನ ಬೆಲೆಯೂ ತಪ್ಪುತ್ತದೆ. ಇತ್ತ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಹಗಲಿನ ಉದ್ದಕ್ಕೆ ಸೊಪ್ಪು ಹಾಕದ ಹೆಬ್ಬಾಳ ಅವರೆ ತಳಿಗಳನ್ನು ರೂಪಿಸಿತು. ಗಿಡ್ಡ ಗಿಡ, ಬೇಗ ಬರುವ ಫಸಲು, ನೀರಿದ್ದರೆ ಯಾವ ತಿಂಗಳಲ್ಲಾದರೂ ಕಾಯಿ. ಸೊಗಡು ಮಾತ್ರ ನಾಟಿಯಷ್ಟಿಲ್ಲ. ಇದಕ್ಕಾಗಿ ವಿಜ್ಞಾನಿಗಳನ್ನು ದೂರುವುದು ನ್ಯಾಯವಲ್ಲ. ಬೇಸಗೆಯಲ್ಲಿ ಅವರೆ ಮಾರಿ ನಾಲ್ಕು ಕಾಸು ಕಂಡ ರೈತನಿಗೆ ಅದು ವರವೇ. ಆ ಸೊಗಡನ್ನು ಹೊಸ ತಳಿಗೆ ತರುವ ಪ್ರಯತ್ನವೂ ವಿಶ್ವವಿದ್ಯಾನಿಲಯದಲ್ಲಿ ನಡೆದಿದೆ.

ಕುತ್ತು ಬಂದಿರುವುದು ಅಕ್ಕಡಿ ಸಾಲಿಗೆ. ಬೆಂಗಳೂರಿನ ಸುತ್ತಲಿನ ಎಷ್ಟೋ ರಾಗಿ ಹೊಲಗಳು ನೀಲಗಿರಿ ತೋಪುಗಳಾದವು, ಆಮೇಲೆ ಬಡಾವಣೆಗಳಾದವು. ಉಳಿದ ಹೊಲಗಳಲ್ಲಿಯೂ ಯಂತ್ರದಿಂದ ರಾಗಿ ಕೊಯ್ಯಬೇಕಾದರೆ ನಡುವಣ ಅವರೆ ಅಡ್ಡಿ. ನಾಟಿ ಅವರೆಯ ಬೀಜವನ್ನು ಕೆಮ್ಮಣ್ಣು ಕಟ್ಟಿ ಒಣಗಿಸಿ ಮುಂದಿನ ಮಳೆಗಾಲಕ್ಕೆ ಎತ್ತಿಡುತ್ತಿದ್ದದ್ದು ಆಯಾ ಮನೆಯವರೇ. ಊರಿನಿಂದ ಊರಿಗೆ ಕಾಳಿನ ಗಾತ್ರ, ಬಣ್ಣ, ವಾಸನೆ ಬೇರೆಯಾದದ್ದು ಹಾಗೆ. ಒಂದೆರಡು ವರ್ಷ ಬಿತ್ತದೆ ಬಿಟ್ಟರೆ ಗಡಿಗೆಯಲ್ಲಿನ ಆ ಬೀಜ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ.