ಚನ್ನಪಟ್ಟಣದ ತಂತಿ, ಮೈಸೂರಿನ ಬಾಣ

ಚನ್ನಪಟ್ಟಣ ಅಂದರೆ ಈಗ ಬೊಂಬೆ. 1800ರಲ್ಲಿ ಈ ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಆ ಊರಿನ ಬಗ್ಗೆ ಬರೆದದ್ದರಲ್ಲಿ ಉಕ್ಕಿನ ತಂತಿಯೂ ಇದೆ. ವಾದ್ಯಗಳಿಗೆ ಕಟ್ಟುವ ಆ ತಂತಿಗೆ ದೂರದ ನಾಡುಗಳಲ್ಲೂ ಬೇಡಿಕೆಯಿತ್ತು. ಮಾಗಡಿ ಕಡೆಯ ಕಬ್ಬಿಣದ ಕುಲುಮೆಗಳನ್ನೂ ಅವನು ನೋಡಿದ್ದ. ಆ ತಂತಿ ನನಗೆ ನ್ಯೂಟನ್ನನ ಮೂರನೇ ನಿಯಮವನ್ನು ನೆನಪಿಸುತ್ತದೆ. ಅದನ್ನು ನಾವು ಸಾಮಾನ್ಯವಾಗಿ ಚಲಿಸುವ ವಸ್ತುಗಳಲ್ಲೇ ಹುಡುಕುತ್ತೇವೆ; ಅಲುಗದೆ ನಿಂತ ತಂತಿಯಲ್ಲೂ ಅದು ಇದೆ. ಬಿರಡೆ ತಿರುವಿದಷ್ಟೂ ತಂತಿ ಬಿರಡೆಯನ್ನು ಎಳೆಯುತ್ತದೆ, ಬಿರಡೆಯೂ ಅಷ್ಟೇ ಬಲದಿಂದ ತಂತಿಯನ್ನು ಎಳೆಯುತ್ತದೆ. 1687ರಲ್ಲಿ ನ್ಯೂಟನ್ ಹೇಳಿದ್ದು ಈ ಸಮತೆಯನ್ನು. ಎಷ್ಟು ಬಿಗಿದರೆ ತಂತಿ ಹರಿಯುತ್ತದೆ ಎಂಬುದು ನಿಯಮದ ಮಾತಲ್ಲ. ಅದನ್ನು ತೀರ್ಮಾನಿಸುವುದು ಉಕ್ಕು, ಮತ್ತೆ ಅದನ್ನು ಹದಮಾಡಿದವನ ಕೈ.

ಹೈದರ್ ಮತ್ತು ಟಿಪ್ಪು ಕಾಲದ ಅಗ್ನಿಬಾಣವನ್ನೂ, ಅಂದರೆ ರಾಕೆಟ್ಟನ್ನೂ, ಹೀಗೇ ನೋಡಬೇಕು. ಉರಿಯುವ ಮದ್ದಿನ ಅನಿಲ ಹಿಂದಕ್ಕೆ ನುಗ್ಗುತ್ತದೆ, ಕೊಳವೆ ಮುಂದಕ್ಕೆ ಹಾರುತ್ತದೆ. ಕಾಗದದ ಕೊಳವೆಯಾದರೆ ಒತ್ತಡ ಏರಿದೊಡನೆ ಅದೇ ಸಿಡಿದುಹೋಗುತ್ತದೆ. ಕಬ್ಬಿಣ ತಾಳಿಕೊಳ್ಳುತ್ತದೆ, ಅನಿಲ ಇನ್ನೂ ರಭಸದಿಂದ ಹೊರಬಂದು ಬಾಣವನ್ನು ದೂರ ಒಯ್ಯುತ್ತದೆ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಹಾಳುಬಾವಿಯಲ್ಲಿ ಸಿಕ್ಕ ಸಾವಿರಕ್ಕೂ ಹೆಚ್ಚು ಬಾಣಗಳು ಹೆಚ್ಚುಕಡಿಮೆ ಗೇಣುದ್ದದ ಕಬ್ಬಿಣದ ಕೊಳವೆಗಳೇ. ಮಾಗಡಿಯ ಕಬ್ಬಿಣವೇ ಬಾಣವಾಯಿತು ಎಂದು ನಾನು ವಾದಿಸುತ್ತಿಲ್ಲ. ತಂತಿಗೂ ಬಾಣಕ್ಕೂ ಬೇಕಾದ ತಿಳಿವಳಿಕೆ ಒಂದೇ ಜಾತಿಯದು, ಅಷ್ಟೆ.

ಅಗ್ನಿಬಾಣ ಹುಟ್ಟಿದ್ದು ಚೀನಾದಲ್ಲಲ್ಲವೇ ಎನ್ನಬಹುದು. ಹೌದು, ಆದರೆ ಕಬ್ಬಿಣದ ಕೊಳವೆಯ ಬಾಣಗಳನ್ನು ಇಷ್ಟು ದೊಡ್ಡ ಪ್ರಮಾಣದಲ್ಲಿ ಸೈನ್ಯಕ್ಕೆ ಒದಗಿಸಿದ್ದು ಮೈಸೂರು. ನಿಯಮವೇ ಗೊತ್ತಿಲ್ಲದ ಕಮ್ಮಾರನ ಕೆಲಸ ವಿಜ್ಞಾನ ಹೇಗಾದೀತು ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಅದನ್ನು ವಿಜ್ಞಾನ ಎಂದು ಕರೆಯಲೇಬೇಕೆಂಬ ಹಟ ನನಗಿಲ್ಲ. ಆದರೆ ನಿಯಮ ಬಲ್ಲ ಇಂಗ್ಲೆಂಡಿನಲ್ಲಿ ವಿಲಿಯಂ ಕಾಂಗ್ರೀವ್ ರಾಕೆಟ್ಟಿಗೆ ಕೈಹಾಕಿದ್ದು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಮೈಸೂರಿನ ಬಾಣಗಳ ಬೆನ್ನು ಹಿಡಿದು. ರಾಕೆಟ್ಟಿನ ಚಲನೆಯನ್ನು ನ್ಯೂಟನ್ನನ ನಿಯಮದಿಂದ ಲೆಕ್ಕಹಾಕಿದ ವಿಲಿಯಂ ಮೂರ್ ಅವರ ಪುಸ್ತಕ ಅಲ್ಲಿ ಅಚ್ಚಾದದ್ದು 1813ರಲ್ಲಿ.