ನೋವು ಇಳಿದರೆ ನಡಿಗೆ ಬಂದೀತೆ?

ಕಲ್ಕತ್ತಾ ಮೆಡಿಕಲ್ ಕಾಲೇಜಿನ ಪ್ರಾಧ್ಯಾಪಕ ವಿಲಿಯಂ ಓಶಾನೆಸಿ 1839ರಲ್ಲಿ ಗಾಂಜಾ ರಾಳದ ಬಗ್ಗೆ ಮಂಡಿಸಿದ ಪ್ರಬಂಧದಲ್ಲಿ ಒಂದು ವಿಚಿತ್ರ ಪ್ರಸಂಗ ಬರುತ್ತದೆ. ಕೀಲುವಾತದಿಂದ ನರಳುತ್ತಿದ್ದ ಕೆಲವರಿಗೆ ಆತ ಅಷ್ಟಿಷ್ಟು ರಾಳ ಕೊಟ್ಟು ನೋಡಿದ. ಅವರಲ್ಲೊಬ್ಬ ಕೆಲವೇ ಗಂಟೆಗಳಲ್ಲಿ ಪ್ರಜ್ಞೆ ತಪ್ಪಿದ. ಅವನ ಕೈಯನ್ನು ಎತ್ತಿ ಬಿಟ್ಟರೆ ಎತ್ತಿದಲ್ಲೇ ನಿಲ್ಲುತ್ತಿತ್ತು. ಆಮೇಲೆ ಚೇತರಿಸಿಕೊಂಡ ಎನ್ನಿ. ನೋವು ತಗ್ಗಿಸುವ ಮದ್ದೇ ಅಂಗಾಂಗಗಳ ಮೇಲಿನ ಹಿಡಿತವನ್ನೂ ಕಸಿಯಬಲ್ಲದು ಎಂಬ ಸುಳಿವು ಆಧುನಿಕ ವೈದ್ಯಕ್ಕೆ ಸಿಕ್ಕಿದ್ದು ಹೀಗೆ, ಮೊದಲ ಹೆಜ್ಜೆಯಲ್ಲೇ.

ಎಲರ್ಸ್-ಡ್ಯಾನ್ಲೋಸ್ ಸಿಂಡ್ರೋಮ್ ಇರುವವರಿಗೆ ಈ ಸುಳಿವು ದೂರದ ಮಾತಲ್ಲ. ಚರ್ಮ, ಅಸ್ಥಿರಜ್ಜು, ರಕ್ತನಾಳಗಳನ್ನು ಬಿಗಿಯಾಗಿಡುವ ಸಂಯೋಜಕ ಅಂಗಾಂಶವೇ ಸಡಿಲವಾಗಿರುವ ಆನುವಂಶಿಕ ಕಾಯಿಲೆಗಳ ಗುಂಪು ಅದು. 2017ರ ಅಂತರರಾಷ್ಟ್ರೀಯ ವರ್ಗೀಕರಣ ಅದರಲ್ಲಿ 13 ಬಗೆಗಳನ್ನು ಗುರುತಿಸಿತು. ಇವುಗಳಲ್ಲಿ ಹೆಚ್ಚಾಗಿ ಕಾಣುವುದು ಕೀಲುಗಳು ಅತಿಯಾಗಿ ಬಾಗುವ ಹೈಪರ್‌ಮೊಬೈಲ್ ಬಗೆ. ಕೀಲು ಪದೇ ಪದೇ ಜಾರುತ್ತದೆ, ನೋಯುತ್ತದೆ. ನೋವಿಗೆ ಹೆದರಿ ವ್ಯಾಯಾಮ ಬಿಟ್ಟರೆ ಸ್ನಾಯು ಸೋಲುತ್ತದೆ, ಕೀಲು ಇನ್ನಷ್ಟು ಜಾರುತ್ತದೆ. ಸ್ನಾಯುವನ್ನು ನಿಧಾನವಾಗಿ ಬಲಪಡಿಸುವುದು, ಕೈಕಾಲು ಎಲ್ಲಿದೆಯೆಂಬ ಅರಿವನ್ನು ತಿದ್ದುವುದು, ಇವೇ ಫಿಸಿಯೋಥೆರಪಿಯ ಮುಖ್ಯ ಕೆಲಸ. ಗಾಂಜಾದಿಂದ ನಿರೀಕ್ಷೆ ಇರುವುದು ಇಲ್ಲಿಯೇ: ನೋವು ಒಂದಿಷ್ಟು ಇಳಿದರೆ ವ್ಯಾಯಾಮ ಸಾಧ್ಯವಾದೀತು.

ವಿಜ್ಞಾನದ ಕಡೆಯಿಂದ ದಾರಿ ತೆರೆದದ್ದು ಇಸ್ರೇಲಿನಲ್ಲಿ. ಗಾಂಜಾದ ಅಮಲೇರಿಸುವ ಅಂಶವಾದ ಟಿಎಚ್‌ಸಿಯನ್ನು ರಾಫೆಲ್ ಮೆಕೂಲಮ್ ಮತ್ತು ಯೆಹಿಯೆಲ್ ಗಾವೋನಿ 1964ರಲ್ಲಿ ಶುದ್ಧರೂಪದಲ್ಲಿ ಬೇರ್ಪಡಿಸಿದರು. 1988ರಿಂದ 1993ರ ನಡುವೆ ಟಿಎಚ್‌ಸಿ ಅಂಟಿಕೊಳ್ಳುವ, ದೇಹದೊಳಗಿನ ಸಿಬಿ1, ಸಿಬಿ2 ಗ್ರಾಹಿಗಳು ಪತ್ತೆಯಾದವು. ಸಿಬಿ1 ದಟ್ಟವಾಗಿರುವ ಮಿದುಳಿನ ಭಾಗಗಳಲ್ಲಿ ಚಲನೆ, ಸಮತೋಲನವನ್ನು ನೋಡಿಕೊಳ್ಳುವವೂ ಸೇರಿವೆ; ಸಿಬಿ2 ಮುಖ್ಯವಾಗಿ ರೋಗನಿರೋಧಕ ಕೋಶಗಳಲ್ಲಿದೆ. ಓಶಾನೆಸಿ ಕಂಡದ್ದಕ್ಕೆ ಆಗ ಒಂದು ವಿವರಣೆ ಸಿಕ್ಕಂತಾಯಿತು.

ಬೇರೆ ಕಾಯಿಲೆಗಳಲ್ಲಿ ನಡೆದ ಪ್ರಯೋಗಗಳನ್ನು ಮೊದಲು ನೋಡೋಣ. ರುಮಟಾಯ್ಡ್ ಆರ್ಥ್ರೈಟಿಸ್ ಇದ್ದ 58 ಮಂದಿಯ ಮೇಲೆ ಐದು ವಾರ ನಡೆದ ಬ್ರಿಟಿಷ್ ಪ್ರಯೋಗದ ವರದಿ 2006ರಲ್ಲಿ ಬಂತು. ಬಾಯಿಗೆ ಸಿಂಪಡಿಸುವ ಗಾಂಜಾ ಔಷಧದಿಂದ ಚಲಿಸುವಾಗಿನ ನೋವೂ ಸುಮ್ಮನಿದ್ದಾಗಿನ ನೋವೂ ತಗ್ಗಿದವು, ನಿದ್ದೆ ಸುಧಾರಿಸಿತು. ಬೆಳಗಿನ ಬಿಗಿತ ಮಾತ್ರ ಹಾಗೇ ಉಳಿಯಿತು. ಅನಂತರದ ದೊಡ್ಡ ಭರವಸೆ ಲೆನಬಾಸಮ್. ಚರ್ಮವನ್ನೂ ಒಳ ಅಂಗಗಳನ್ನೂ ಗಡುಸಾಗಿಸುವ ಸಿಸ್ಟಮಿಕ್ ಸ್ಕ್ಲೆರೋಸಿಸ್‌ಗೆ ಪ್ರಯೋಗಿಸಿ ನೋಡಿದ, ಸಿಬಿ2ವನ್ನು ಗುರಿಯಾಗಿಸಿದ ಕೃತಕ ಔಷಧ ಅದು. 42 ಮಂದಿಯ ಪ್ರಯೋಗ ಉತ್ಸಾಹ ಹುಟ್ಟಿಸಿತು. 365 ಮಂದಿಯ, ಒಂದು ವರ್ಷದ ಮೂರನೇ ಹಂತದ ಪ್ರಯೋಗದ ಫಲಿತಾಂಶ 2020ರಲ್ಲಿ ಹೊರಬಿದ್ದಾಗ ಔಷಧಕ್ಕೂ ಪ್ಲಸೀಬೋಗೂ ಅಂತರವೇ ಕಾಣಲಿಲ್ಲ. ಎರಡೂ ಗುಂಪಿನವರು ಮೊದಲಿನ ಇಮ್ಯುನೋಸಪ್ರೆಸೆಂಟ್ (ರೋಗನಿರೋಧಕ ಪ್ರತಿಕ್ರಿಯೆ ತಗ್ಗಿಸುವ) ಔಷಧಗಳನ್ನು ಮುಂದುವರಿಸಬಹುದಿತ್ತು. ಪ್ಲಸೀಬೋ ಗುಂಪೂ ಚೆನ್ನಾಗಿಯೇ ಸುಧಾರಿಸಿತ್ತು. ಸಣ್ಣ ಪ್ರಯೋಗ ನಂಬಿ ಹಿಗ್ಗುವವರು ಈ ಕಥೆಯನ್ನು ನೆನಪಿಟ್ಟುಕೊಳ್ಳಬೇಕು.

ಮಾರ್ಗಸೂಚಿಗಳು ಒಂದಕ್ಕೊಂದು ಹೊಂದುವುದಿಲ್ಲ. ದೀರ್ಘಕಾಲದ ನೋವಿಗೆ ಟಿಎಚ್‌ಸಿ ಕೊಡಬೇಡಿ ಎಂದು ಬ್ರಿಟನ್ನಿನ ನೈಸ್ ಸಂಸ್ಥೆ 2019ರಲ್ಲಿ ಹೇಳಿತು. 2021ರಲ್ಲಿ ಬಿಎಂಜೆ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ತಜ್ಞರ ಶಿಫಾರಸು, ಬೇರೆ ಚಿಕಿತ್ಸೆ ಸಾಲದಿದ್ದರೆ ಸೇದದ ರೂಪದಲ್ಲಿ ಪ್ರಯತ್ನಿಸಿ ನೋಡಬಹುದು ಎಂದು ಅಳುಕುತ್ತಲೇ ಒಪ್ಪಿತು. ಅದಕ್ಕೆ ಆಧಾರವಾದ 32 ಪ್ರಯೋಗಗಳ ಲೆಕ್ಕ ನನಗೆ ಈ ಇಡೀ ಚರ್ಚೆಯ ಅತ್ಯಂತ ಮುಖ್ಯ ಸಂಖ್ಯೆ: ಪ್ಲಸೀಬೋಗೆ ಹೋಲಿಸಿದರೆ ನೂರರಲ್ಲಿ ಹೆಚ್ಚುವರಿ 10 ಮಂದಿಗೆ ಗಮನಾರ್ಹವಾಗಿ ನೋವು ಇಳಿಯುತ್ತದೆ, 6 ಮಂದಿಗೆ ನಿದ್ದೆ ಸುಧಾರಿಸುತ್ತದೆ, ದೈಹಿಕ ಚಟುವಟಿಕೆ ಸುಧಾರಿಸುವುದು 4 ಮಂದಿಗಷ್ಟೇ. ಪುನಶ್ಚೇತನ ಕೇಳುವುದು ಈ ಕೊನೆಯ ಸಂಖ್ಯೆಯನ್ನು. ನೋವಿನ ಅಂಕವನ್ನೇ ಅಳೆದು ಸಂತೋಷಪಡುವ ಚಟ ಈ ಕ್ಷೇತ್ರವನ್ನು ಇನ್ನೂ ಬಿಟ್ಟಿಲ್ಲ.

ಎಲರ್ಸ್-ಡ್ಯಾನ್ಲೋಸ್‌ಗೇ ಬಂದರೆ ಕೈಯಲ್ಲಿರುವ ಮಾಹಿತಿ ಬಹುಪಾಲು ಸಮೀಕ್ಷೆಗಳದ್ದು, ರೋಗಿಗಳ ನೋಂದಣಿ ದಾಖಲೆಗಳದ್ದು. ಹೋಲಿಕೆಗೆ ಇನ್ನೊಂದು ಗುಂಪಿಲ್ಲದ ಕಡೆ ‘ಸುಧಾರಿಸಿದೆ’ ಎಂಬ ಮಾತಿನಲ್ಲಿ ಔಷಧದ ಪಾಲೆಷ್ಟು, ನಂಬಿಕೆಯ ಪಾಲೆಷ್ಟು ಎಂದು ಬಿಡಿಸಲಾಗದು. ಅಪಾಯದ ಪಟ್ಟಿಯೂ ಇವರಿಗೆ ಬೇರೆಯೇ. ಹೈಪರ್‌ಮೊಬೈಲ್ ಬಗೆಯ ಹಲವರಿಗೆ ಎದ್ದು ನಿಂತರೆ ಎದೆಬಡಿತ ಏರುವ ಪಾಟ್ಸ್ ತೊಂದರೆ ಇರುತ್ತದೆ. ಟಿಎಚ್‌ಸಿ ಎದೆಬಡಿತವನ್ನು ಇನ್ನಷ್ಟು ಏರಿಸಿ, ನಿಂತಾಗ ರಕ್ತದೊತ್ತಡ ಇಳಿಸಬಲ್ಲದು. ತಲೆಸುತ್ತಿ ಬಿದ್ದರೆ ಜಾರುವುದು ಮತ್ತೆ ಅದೇ ಕೀಲು. ಸಂಯೋಜಕ ಅಂಗಾಂಶದ್ದೇ ಇನ್ನೊಂದು ಕಾಯಿಲೆಯಾದ, ಮಹಾಪಧಮನಿ ಹಿಗ್ಗುವ ಮಾರ್ಫಾನ್ ಸಿಂಡ್ರೋಮ್‌ನವರ ಹೃದ್ರೋಗ ತಜ್ಞರಿಗೂ ಈ ಏರಿಳಿತ ಬೇಡದ ಅತಿಥಿ.

ನಮ್ಮಲ್ಲಿ ಮಾದಕವಸ್ತು ನಿಯಂತ್ರಣದ 1985ರ ಎನ್‌ಡಿಪಿಎಸ್ ಕಾಯ್ದೆ ಚರಸ್ಸನ್ನೂ ಹೂತುದಿಯನ್ನೂ ತನ್ನ ವ್ಯಾಪ್ತಿಗೆ ತಂದು, ಬರೀ ಎಲೆ-ಬೀಜವನ್ನು ಗಾಂಜಾದ ವ್ಯಾಖ್ಯೆಯಿಂದ ಹೊರಗಿಟ್ಟಿತು. ಭಂಗಿ ಆ ಕಾಯ್ದೆಯಡಿ ನಿಷೇಧಿತವಲ್ಲ ಎಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ಜಾಮೀನು ಪ್ರಕರಣವೊಂದರಲ್ಲಿ ಹೇಳಿತು. ಆಯುರ್ವೇದ ಗಾಂಜಾ ಗಿಡವನ್ನು ಕರೆಯುವ ‘ವಿಜಯಾ’ ಹೆಸರಿನ ಔಷಧಗಳು ಮಾರುಕಟ್ಟೆಗೆ ಬಂದಿರುವುದು ಎಲೆಯ ಈ ದಾರಿಯಲ್ಲೇ. 2020ರಲ್ಲಿ ಬೆಂಗಳೂರಿನ ಕೋರಮಂಗಲದಲ್ಲಿ ಅವಕ್ಕೆಂದೇ ಒಂದು ಕ್ಲಿನಿಕ್ ಕೂಡ ತೆರೆಯಿತು. ಅಂಥ ಔಷಧ ತೆಗೆದುಕೊಳ್ಳುವವರು ಅದನ್ನು ಫಿಸಿಯೋಥೆರಪಿಸ್ಟ್‌ಗೆ ಮೊದಲು ಹೇಳಬೇಕು. ಎಷ್ಟು ಹೊತ್ತಿಗೆ ತೆಗೆದುಕೊಂಡರು, ಎಷ್ಟು ಹೊತ್ತಿಗೆ ಒಂಟಿ ಕಾಲಿನ ಸಮತೋಲನ ವ್ಯಾಯಾಮಕ್ಕೆ ನಿಂತರು ಎಂಬುದನ್ನು ಇಬ್ಬರೂ ಬರೆದಿಟ್ಟುಕೊಂಡರೆ, ರಾತ್ರಿಯ ನಿದ್ದೆ ಸುಧಾರಿಸಿದ ಮದ್ದು ಬೆಳಗಿನ ವ್ಯಾಯಾಮಕ್ಕೆ ನೆರವಾಯಿತೋ ಅಡ್ಡಿಯಾಯಿತೋ ಆ ಒಬ್ಬ ರೋಗಿಯ ಮಟ್ಟಿಗಾದರೂ ತಿಳಿದೀತು.